ಗಲ್ಫ್ ಕೆಲಸದ ಆಫರ್ ಲೆಟರ್ ಕನ್ನಡದಲ್ಲೂ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ‘ದುಬೈಗೆ ಎಲೆಕ್ಟ್ರಿಷಿಯನ್, ಪ್ಲಂಬರ್ ಬೇಕಾಗಿದ್ದಾರೆ, ಕೂಡಲೇ ಪ್ರಯಾಣ’ ಎಂದಿತ್ತು. ಕೆಳಗೆ ಒಂದು ಮೊಬೈಲ್ ನಂಬರ್, ಅಷ್ಟೆ. ಏಜೆನ್ಸಿಯ ಹೆಸರಿಲ್ಲ, ಲೈಸೆನ್ಸ್ ನಂಬರ್ ಇಲ್ಲ. ನೋಂದಾಯಿತ ಏಜೆಂಟರು ಆ ಲೈಸೆನ್ಸ್ ನಂಬರನ್ನು ಕಚೇರಿಯಲ್ಲೂ ಜಾಹೀರಾತಿನಲ್ಲೂ ಎದ್ದು ಕಾಣುವಂತೆ ಹಾಕಬೇಕೆಂದು ವಿದೇಶಾಂಗ ಸಚಿವಾಲಯ ಹೇಳುತ್ತಲೇ ಬಂದಿದೆ. ಅದಕ್ಕೇ ಈ ಪತ್ರ.

ನಾನು ಕುಂದಾಪುರದವನು, ಶಾರ್ಜಾದ ಒಂದು ಕಟ್ಟಡ ಕಂಪನಿಯಲ್ಲಿ 22 ವರ್ಷ ಪಿಆರ್‌ಓ ಆಗಿದ್ದೆ. ಊರಲ್ಲಿ ಕೆಲವರು ಇದನ್ನು ದೊಡ್ಡ ಹುದ್ದೆ ಎಂದುಕೊಂಡಿದ್ದಾರೆ. ಕೆಲಸಗಾರರ ಪಾಸ್‌ಪೋರ್ಟ್ ಕಟ್ಟು ಹಿಡಿದು ಟೈಪಿಂಗ್ ಸೆಂಟರಿನಿಂದ ಮೆಡಿಕಲ್‌ಗೆ, ಅಲ್ಲಿಂದ ಇಮಿಗ್ರೇಷನ್‌ಗೆ ಬಿಸಿಲಲ್ಲಿ ಓಡಾಡುವವನೇ ಪಿಆರ್‌ಓ. ನಾನು ಮಾಡಿಸಿದ ವೀಸಾಗಳಿಗೆ ಲೆಕ್ಕವಿಲ್ಲ.

ಕಳೆದ ವರ್ಷ ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ತನ್ನ ವೀಸಾ ತೋರಿಸಿದ. ಐಟಿಐ ಓದಿ ವೈರಿಂಗ್ ಮಾಡಿಕೊಂಡಿದ್ದವನು. ನೋಡಿದರೆ ಟೂರಿಸ್ಟ್ ವೀಸಾ, 60 ದಿನದ್ದು. “ಇದ್ರಲ್ಲಿ ಕೆಲ್ಸ ಮಾಡುಕಾತಿಲ್ಲ ಮಾರಾಯ” ಎಂದೆ. “ಅಲ್ಲಿಗ್ ಹೋದ್ಮೇಲೆ ಬದ್ಲ್ ಮಾಡ್ತ್ರಂಬ್ರ್” ಎಂದ. ಏಜೆಂಟನಿಗೆ ಆಗಲೇ ಒಂದು ಲಕ್ಷದ ಇಪ್ಪತ್ತು ಸಾವಿರ ಕೊಟ್ಟಾಗಿತ್ತು, ರಸೀದಿ ಇಲ್ಲದೆ. ಸರ್ಕಾರ ಏಜೆಂಟರಿಗೆ ನಿಗದಿ ಮಾಡಿದ ಗರಿಷ್ಠ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ.

‘ಬದಲು ಮಾಡುವುದು’ ಪೂರ್ತಿ ಸುಳ್ಳೇನಲ್ಲ. ಯುಎಇಯಲ್ಲಿ ವಿಸಿಟ್ ವೀಸಾದಲ್ಲಿ ಇಳಿದವನನ್ನು ದೇಶದೊಳಗೇ ಎಂಪ್ಲಾಯ್‌ಮೆಂಟ್ ವೀಸಾಕ್ಕೆ ಬದಲಾಯಿಸಿಕೊಳ್ಳಬಹುದು. ಆದರೆ ವರ್ಕ್ ಪರ್ಮಿಟ್ ಬರುವ ತನಕ ಸ್ಕ್ರೂಡ್ರೈವರ್ ಮುಟ್ಟಿದರೂ ತಪ್ಪೇ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡ ಕಂಪನಿಗೆ 2024ರ ತಿದ್ದುಪಡಿಯ ಪ್ರಕಾರ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್ ದಂಡ. ದಂಡಕ್ಕೆ ಹೆದರುವ ಕಂಪನಿ ಏನು ಮಾಡುತ್ತದೆ? ಅವಧಿ ಮುಗಿಯುವ ಮೊದಲೇ ಆಳನ್ನು ವಿಮಾನ ಹತ್ತಿಸುತ್ತದೆ. ನಮ್ಮ ಹುಡುಗನನ್ನು 57ನೇ ದಿನ ವಾಪಸ್ ಕಳಿಸಿದರು. ಒಂದು ತಿಂಗಳ ಸಂಬಳ ಕೈಗೆ ಕೊಟ್ಟರು, ಎರಡನೆಯದಕ್ಕೆ ನಾಮ. ದೂರು ಕೊಡೋಣವೆಂದರೆ ಕರಾರು ಪತ್ರವಿಲ್ಲ, ಪರ್ಮಿಟ್ ಇಲ್ಲದೆ ದುಡಿದದ್ದು ಅವನದ್ದೂ ತಪ್ಪೇ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಮೊದಲು ಆಫರ್ ಲೆಟರ್, ಅದಕ್ಕೆ ಸಹಿ ಬಿದ್ದ ಮೇಲೆ ವರ್ಕ್ ಪರ್ಮಿಟ್, ಎಂಟ್ರಿ ಪರ್ಮಿಟ್. ಅಲ್ಲಿಗೆ ಇಳಿದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಎಮಿರೇಟ್ಸ್ ಐಡಿ ಎಂಬ ಗುರುತಿನ ಕಾರ್ಡ್. ಪಾಸ್‌ಪೋರ್ಟಿಗೆ ವೀಸಾ ಸ್ಟಿಕ್ಕರ್ ಅಂಟಿಸುವುದು 2022ರಲ್ಲೇ ನಿಂತಿದೆ, ಈಗ ಆ ಕಾರ್ಡೇ ಎಲ್ಲ. ಇಷ್ಟಕ್ಕೂ ಆಗುವ ಖರ್ಚು ಕಂಪನಿಯದು. ಕೆಲಸಗಾರನಿಂದ ವಸೂಲಿ ಮಾಡಬಾರದೆಂದು 2021ರ ಅಲ್ಲಿನ ಕಾರ್ಮಿಕ ಕಾನೂನೇ ಹೇಳುತ್ತದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತೆಯೂ ಇಲ್ಲ. (ಇಟ್ಟುಕೊಳ್ಳುವವರು ಇಟ್ಟುಕೊಳ್ಳುತ್ತಾರೆ, ಅದು ಬೇರೆ ಮಾತು.)

ಇದರಲ್ಲಿ ನಮ್ಮವರು ಎಡವುವುದು ಮೊದಲ ಕಾಗದದಲ್ಲೇ. 2016ರಿಂದ ಆ ಆಫರ್ ಲೆಟರ್ ಅರೇಬಿಕ್, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಇರಬೇಕೆಂದು ಅಲ್ಲಿನ ಸರ್ಕಾರ ನಿಯಮ ಮಾಡಿತು. ಹಿಂದಿ, ಮಲಯಾಳಂ, ತಮಿಳು, ಉರ್ದು, ಬಂಗಾಳಿ, ನೇಪಾಳಿ, ಸಿಂಹಳ ಎಲ್ಲ ಸೇರಿದವು. ಕನ್ನಡ ಸೇರಲಿಲ್ಲ, ತೆಲುಗೂ ಇಲ್ಲ. ನನ್ನ ಟೇಬಲ್ಲಿನ ಮುಂದೆ ಮಲಯಾಳಿ ಹುಡುಗರು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು, “ಓವರ್‌ಟೈಮ್ ಎಲ್ಲಿ ಬರೆದಿದೆ?” ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಬೈಂದೂರು, ಭಟ್ಕಳ, ಗಂಗೊಳ್ಳಿಯಿಂದ ಬಂದವರ ಪೈಕಿ ಹಿಂದಿಯೋ ಉರ್ದುವೋ ಓದಲು ಬಂದವರು ಓದುತ್ತಿದ್ದರು. ಉಳಿದವರದ್ದು ಒಂದೇ ಪ್ರಶ್ನೆ: “ಸೈನ್ ಎಲ್ಲಿ ಸರ್?”

ಆ ಹಾಳೆಯಲ್ಲಿ ಒಟ್ಟು ಸಂಬಳ 1,500 ದಿರ್ಹಮ್ ಎಂದಿರುತ್ತದೆ, ಒಳಗೆ ಬೇಸಿಕ್ 600. ಬಾಕಿ ಎಲ್ಲ ಭತ್ಯೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷದ ತನಕ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ 420 ದಿರ್ಹಮ್. 1,500 ಪೂರ್ತಿ ಬೇಸಿಕ್ ಆಗಿದ್ದರೆ 1,050. ಹೋಗುವ ದಿನ ಲೆಕ್ಕ ಕೊಟ್ಟಾಗ ಮುಖ ಬಾಡಿಸಿಕೊಂಡು “ಇಷ್ಟೇನಾ ಸರ್?” ಎಂದವರನ್ನು ಬಹಳ ಕಂಡಿದ್ದೇನೆ. ಸಹಿ ಮಾಡಿಸಿಕೊಂಡವನು ನಾನೇ. ಆಮೇಲಾಮೇಲೆ ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಓದಿ ಹೇಳಲು ಶುರು ಮಾಡಿದೆ, ಮ್ಯಾನೇಜರ್ ಗೊಣಗಿದರೂ.

ಇನ್ನೊಂದು ವಿಚಿತ್ರ ನೋಡಿ. ಎಸ್‌ಎಸ್‌ಎಲ್‌ಸಿ ಪಾಸಾಗದವನ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆಗೆ ಸರ್ಕಾರದ ಅನುಮತಿ ಬೇಕಾದದ್ದು. ಅವನು ಗಲ್ಫ್‌ಗೆ ಕೆಲಸಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ಇಮೈಗ್ರೇಟ್ ವೆಬ್‌ಸೈಟ್ ಮೂಲಕ ಆ ಕ್ಲಿಯರೆನ್ಸ್ ಬೇಕು. ಕರಾರು ಪತ್ರ ನೋಡುತ್ತಾರೆ, 275 ರೂಪಾಯಿಗೆ ಎರಡು ವರ್ಷ ಹತ್ತು ಲಕ್ಷದ ವಿಮೆಯೂ ಆಗುತ್ತದೆ. ನಮ್ಮ ಹುಡುಗ ಪಾಸಾಗಿದ್ದ. ಹಾಗಾಗಿ ಅವನ ಕಾಗದವನ್ನು ಯಾರೂ ಬಿಡಿಸಿ ನೋಡಲಿಲ್ಲ.

ಕೇರಳದವರಿಗೆ ನೋರ್ಕಾ ಇದೆ, ಹೊರಗೆ ದುಡಿಯುವ ಮಲಯಾಳಿಗಳಿಗಾಗಿ ಅಲ್ಲಿನ ಸರ್ಕಾರದ ಇಲಾಖೆ. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ, ಬೆಂಗಳೂರಿನಲ್ಲಿ. ಕುಂದಾಪುರದಿಂದ ಅಲ್ಲಿಗೆ ರಾತ್ರಿ ಬಸ್ಸು. ಉಡುಪಿಯಲ್ಲೋ ಮಂಗಳೂರಿನಲ್ಲೋ ವಾರಕ್ಕೆರಡು ದಿನ ಇಂಥ ಕಾಗದ ಓದಿ ಹೇಳುವ ಒಬ್ಬರನ್ನು ಕೂರಿಸಲಿ. ಆಫರ್ ಲೆಟರಿಗೆ ಕನ್ನಡ ಸೇರಿಸುವಂತೆ ರಾಜ್ಯ ಸರ್ಕಾರ ದೆಹಲಿಯ ಮೂಲಕ ಕೇಳಲಿ. ಕೇಳಿದರೆ ಕೊಡುವುದಿಲ್ಲ ಎನ್ನಲು ಯುಎಇಯವರಿಗೂ ಕಾರಣವಿರಲಾರದು.

ನೀವು ಮಾಡಬಹುದಾದ್ದು ಇನ್ನೂ ಸುಲಭ. ಲೈಸೆನ್ಸ್ ನಂಬರ್ ಇಲ್ಲದ ಗಲ್ಫ್ ಜಾಹೀರಾತನ್ನು ತೆಗೆದುಕೊಳ್ಳಬೇಡಿ ಎಂದು ನಿಮ್ಮ ಜಾಹೀರಾತು ವಿಭಾಗಕ್ಕೆ ಹೇಳಿ. ಭಾನುವಾರದ ಆ ನಂಬರಿಗೆ ನಾನೇ ಫೋನ್ ಮಾಡಿದ್ದೆ. ಲೈಸೆನ್ಸ್ ಕೇಳಿದ ಕೂಡಲೇ ಕಟ್ ಮಾಡಿದರು.

— ನಿವೃತ್ತ ಪಿಆರ್‌ಓ, ಕುಂದಾಪುರ