ಮಗುವಿನ ವರದಿ ಬರೆಯುವವರಿಗೆ ತರಬೇತಿ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಮೆಜೆಸ್ಟಿಕ್‌ನಲ್ಲೋ ಯಶವಂತಪುರ ರೈಲು ನಿಲ್ದಾಣದಲ್ಲೋ ಒಂಟಿಯಾಗಿ ಸಿಕ್ಕ ಮಗುವನ್ನು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ, ರಕ್ಷಣೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆಮೇಲೆ 15 ದಿನದೊಳಗೆ, ಮಗುವಿನ ಮನೆ, ಕುಟುಂಬದ ಸ್ಥಿತಿ ವಿಚಾರಿಸಿ ಬರೆದ ಸಾಮಾಜಿಕ ತನಿಖಾ ವರದಿ ಸಲ್ಲಿಕೆಯಾಗಬೇಕು. ಮಗು ಮನೆಗೆ ಮರಳಬೇಕೋ, ಬಾಲಮಂದಿರದಲ್ಲಿ ಉಳಿಯಬೇಕೋ, ಅಜ್ಜಿಯ ಹತ್ತಿರ ಬೆಳೆಯಬೇಕೋ ಎಂಬುದು ಬಹುಮಟ್ಟಿಗೆ ಆ ವರದಿಯ ಮೇಲೆ ನಿಂತಿರುತ್ತದೆ. ಅದನ್ನು ಬರೆಯುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅಥವಾ ಸ್ವಯಂಸೇವಾ ಸಂಸ್ಥೆಯ ಸಮಾಜ ಕಾರ್ಯಕರ್ತರು.

2015ರ ಬಾಲನ್ಯಾಯ ಕಾಯ್ದೆಯು ಸಮಿತಿಯ ಸದಸ್ಯರಿಗೆ ಅಧಿಸೂಚನೆ ಹೊರಟ ಎರಡು ತಿಂಗಳೊಳಗೆ, ಕಾನೂನು ಮುರಿದ ಆರೋಪವಿರುವ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯವರಿಗೆ ನೇಮಕವಾದ 60 ದಿನದೊಳಗೆ ತರಬೇತಿ ಕೊಡಬೇಕೆಂದು ಗಡುವು ಹಾಕಿದೆ. ಅವರು ಓದಿ ತೀರ್ಮಾನಿಸುವ ವರದಿಯನ್ನು ಬರೆಯುವವರಿಗೆ ಅಂಥ ಗಡುವಿಲ್ಲ. ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂಬ ಮಾತು ನಿಯಮಗಳಲ್ಲಿದೆ, ನಿಜ. ಆದರೆ ತರಬೇತಿ ಮುಗಿಸದವರ ಕೈಗೆ ಪ್ರಕರಣ ಕೊಡಬಾರದು ಎಂಬ ತಡೆ ಇಲ್ಲ. ನರ್ಸ್ ಆಗಲು ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬೇಕು, ವಿಶೇಷ ಶಿಕ್ಷಕರಾಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಮಗುವನ್ನು ಮನೆಯಿಂದ ದೂರವಿಡಲು ಶಿಫಾರಸು ಮಾಡುವವರಿಗೆ ಪದವಿಯೊಂದಿದ್ದರೆ ಸಾಕು.

ಪದವಿ ತರಗತಿಯಲ್ಲಿ ಕಲಿಯದ ಸಂಗತಿಗಳೇ ಈ ಕೆಲಸದಲ್ಲಿ ಕೈಕೊಡುವುದು. ಮನೆ ಭೇಟಿಯನ್ನೇ ನೋಡಿ. ಪೀಣ್ಯ, ಬೊಮ್ಮನಹಳ್ಳಿಯ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ತಾಯಿ ಬೆಳಗ್ಗೆ ಹನ್ನೊಂದಕ್ಕೆ ಮನೆಯಲ್ಲಿರುವುದಿಲ್ಲ. ಆ ಹೊತ್ತಿಗೆ ಹೋದವರು ಬೀಗ ನೋಡಿ, ಪಕ್ಕದ ಮನೆಯವರು ಹೇಳಿದ್ದನ್ನು ಬರೆದುಕೊಂಡು, ‘ಪೋಷಕರು ನಿರ್ಲಕ್ಷ್ಯ ತೋರಿದ್ದಾರೆ’ ಎಂದು ಷರಾ ಹಾಕುತ್ತಾರೆ. ಸಂಜೆ ಏಳರ ಮೇಲೋ ಭಾನುವಾರವೋ ಮತ್ತೊಮ್ಮೆ ಹೋಗಬೇಕು, ಪಕ್ಕದವರ ಮಾತನ್ನೂ ತಾನೇ ಕಣ್ಣಾರೆ ಕಂಡದ್ದನ್ನೂ ಬೇರೆ ಬೇರೆಯಾಗಿ ಬರೆಯಬೇಕು ಎಂದು ಯಾರಾದರೂ ಹೇಳಿಕೊಡಬೇಕಲ್ಲ?

ಭಾಷೆಯದು ಇನ್ನೊಂದು ಪಾಡು. ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಒಡಿಶಾ, ಬಿಹಾರದ ಕುಟುಂಬಗಳಿವೆ. ಅವರ ಮಾತನ್ನು ಹೇಳಿ ತಿಳಿಸಲು ಸುಲಭವಾಗಿ ಸಿಗುವವನು ಮೇಸ್ತ್ರಿ. ಮಗು ಕೆಲಸ ಮಾಡುತ್ತಿತ್ತೇ ಎಂಬುದೇ ಪ್ರಶ್ನೆಯಾಗಿರುವಾಗ ಅದನ್ನು ಮೇಸ್ತ್ರಿಯ ಬಾಯಿಂದ ಕೇಳಿದರೆ ಬರುವ ಉತ್ತರ ಯಾವುದೆಂದು ಬೇರೆ ಹೇಳಬೇಕಿಲ್ಲ. ಪ್ರಕರಣದಲ್ಲಿ ಯಾವ ಹಿತಾಸಕ್ತಿಯೂ ಇಲ್ಲದ ದುಭಾಷಿಯನ್ನು ಒದಗಿಸುವಂತೆ ಕಾರ್ಯಕರ್ತರು ಸಮಿತಿಯನ್ನೇ ಕೇಳಬೇಕು.

ವಯಸ್ಸಿನ ವಿಚಾರದಲ್ಲಿ ಕಾಯ್ದೆಯ 94ನೇ ಕಲಂ ಕ್ರಮ ಹಾಕಿಕೊಟ್ಟಿದೆ: ಮೊದಲು ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ವಿಧಾನ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಅದು ಜನ್ಮದಿನಾಂಕಕ್ಕೆ ಪುರಾವೆಯಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದರೂ ಹುಟ್ಟಿದ ದಿನ ಗೊತ್ತಿಲ್ಲದಾಗ ಆಧಾರ್‌ನಲ್ಲಿ ಹಾಕುವ ಜನವರಿ 1 ಹಾಗೆಯೇ ವರದಿಗೆ ಇಳಿಯುತ್ತದೆ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಾಗ ಆಗುವ ಅನಾಹುತ ಇವೆಲ್ಲಕ್ಕಿಂತ ದೊಡ್ಡದು. ‘ಮಾವ ಮುಟ್ಟಿದನಾ?’ ಎಂದು ಕೇಳಿದರೆ ಉತ್ತರವನ್ನು ನಾವೇ ಮಗುವಿನ ಬಾಯಿಗಿಟ್ಟಂತೆ, ‘ಆಮೇಲೆ ಏನಾಯ್ತು?’ ಎನ್ನಬೇಕು, ಅದೂ ಮನೆಯವರ ಎದುರಿಗಲ್ಲ. ಮಗು ಇಷ್ಟು ಹೇಳಿದ ಮೇಲೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಬೇಕು. ಕೂಲಂಕಷವಾಗಿ ಕೆದಕುವುದು ಕಾರ್ಯಕರ್ತರ ಕೆಲಸವಲ್ಲ. ಬಾಲಮಂದಿರದಲ್ಲೊಮ್ಮೆ, ಠಾಣೆಯಲ್ಲೊಮ್ಮೆ, ಆಸ್ಪತ್ರೆಯಲ್ಲೊಮ್ಮೆ ಅದೇ ಕಥೆ ಹೇಳಿಸಿದರೆ ವಿವರಗಳಲ್ಲಿ ವ್ಯತ್ಯಾಸ ಬರುತ್ತದೆ, ಅದನ್ನೇ ಹಿಡಿದು ಪಾಟೀ ಸವಾಲಿನಲ್ಲಿ ಮಗುವನ್ನು ಸುಳ್ಳಾಡುವವಳೆಂದು ತೋರಿಸಲಾಗುತ್ತದೆ.

ಶಿಫಾರಸಿನ ಅಂಕಣದಲ್ಲಿ ಪದೇ ಪದೇ ಕಾಣುವುದು ಒಂದೇ ಸಾಲು: ‘ಕುಟುಂಬ ಬಡತನದಲ್ಲಿರುವುದರಿಂದ ಬಾಲಮಂದಿರದಲ್ಲಿ ಇರಿಸುವುದು ಸೂಕ್ತ.’ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಿರಬೇಕೆಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ, ಮಗು ಕುಟುಂಬದಲ್ಲೇ ಬೆಳೆಯಲೆಂದು ಕೊಡುವ ‘ಪ್ರಾಯೋಜಕತ್ವ’ ನೆರವಿನಡಿ ಅರ್ಹ ಮಗುವಿಗೆ ತಿಂಗಳಿಗೆ ₹4,000 ಸಿಗುತ್ತದೆ. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ ಮಿತಿ ₹96,000. ಇದು ಗೊತ್ತಿದ್ದವರು ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಶಾಲಾ ದಾಖಲಾತಿ ಮೂರನ್ನೂ ಜೋಡಿಸಿ ಮಗುವನ್ನು ಮನೆಯಲ್ಲೇ ಉಳಿಸಲು ನೋಡುತ್ತಾರೆ.

ಆದ್ದರಿಂದ ರಾಜ್ಯದ ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೆ ನಮ್ಮ ಬೇಡಿಕೆ: ತರಬೇತಿ ಪಡೆದು ಪರೀಕ್ಷೆ ಮುಗಿಸಿದ ಪ್ರಮಾಣಪತ್ರ ಇಲ್ಲದವರು ಒಂಟಿಯಾಗಿ ವರದಿಗೆ ಸಹಿ ಹಾಕುವಂತಿರಬಾರದು. 15 ದಿನ ತರಗತಿ, ಆಮೇಲೆ ಮೂರು ತಿಂಗಳು ಅನುಭವಿಗಳ ಜೊತೆ ಮನೆ ಭೇಟಿ. ಈ ಅವಧಿಯಲ್ಲಿ ಬರೆದ ಕನಿಷ್ಠ ಹತ್ತು ವರದಿಗಳನ್ನು ಮೇಲ್ವಿಚಾರಕರು ಸಾಲುಸಾಲಾಗಿ ಓದಿ ತಿದ್ದಬೇಕು. ಪರೀಕ್ಷೆ ಎಂದರೆ ಸರಿಯುತ್ತರಕ್ಕೆ ಗುರುತು ಹಾಕುವುದಲ್ಲ. ಅಣಕು ಸಂದರ್ಶನ ಮಾಡಿಸಿ, ಅದರಿಂದ ಈ ವರದಿಗೆಂದೇ ನಿಯಮಗಳಲ್ಲಿರುವ ನಮೂನೆ 22ರಲ್ಲಿ ಪೂರ್ತಿ ವರದಿ ಬರೆಸಬೇಕು. ಮಗುವಿನ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ‘ಪೋಷಕರು ಗೊತ್ತೇ?’ ಎನ್ನುವ ಚಾಳಿ, ಮಗುವಿನ ಗುರುತು ಬಯಲು ಮಾಡಬಾರದೆನ್ನುವ ಬಾಲನ್ಯಾಯ ಕಾಯ್ದೆಯ 74ನೇ ಕಲಂಗೆ ವಿರುದ್ಧ ಎಂಬುದು ಮೊದಲ ದಿನವೇ ತಲೆಗೆ ಹೋಗಬೇಕು. ಮೂರು ವರ್ಷಕ್ಕೊಮ್ಮೆ ನವೀಕರಣ ಇರಲಿ.

ಕಲಿಸುವವರಿಗಾಗಿ ದೂರ ಹುಡುಕಬೇಕಿಲ್ಲ. ಮಗುವಿನ ಮನಸ್ಸಿನ ವಿಚಾರಕ್ಕೆ ನಿಮ್ಹಾನ್ಸ್, ಕಾನೂನಿಗೆ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಊರಲ್ಲೇ ಇವೆ. ಕೊರತೆಯಿರುವುದು ಕನ್ನಡದ ಪಠ್ಯಕ್ಕೆ ಮತ್ತು ಹಣಕ್ಕೆ. ಗುತ್ತಿಗೆ ಮೇಲೆ ದುಡಿಯುವ ಕಾರ್ಯಕರ್ತರಿಂದ ಶುಲ್ಕ ಕೇಳಬಾರದು, ತರಬೇತಿಯ ದಿನಗಳನ್ನು ಕರ್ತವ್ಯವೆಂದೇ ಎಣಿಸಬೇಕು, ಅವರ ಪ್ರಕರಣಗಳನ್ನು ಆ ದಿನಗಳಲ್ಲಿ ಯಾರು ನೋಡುತ್ತಾರೆಂದು ಮೊದಲೇ ಬರೆದಿಡಬೇಕು. ಇಷ್ಟಾಗದಿದ್ದರೆ ಎರಡು ದಿನದ ಕಾರ್ಯಾಗಾರ, ಊಟ, ಗುಂಪು ಫೋಟೊ, ಬಣ್ಣದ ಪ್ರಮಾಣಪತ್ರ, ಅಷ್ಟೇ.

ಹಾಗೆಂದು ಈಗಿರುವವರನ್ನು ಹೊರಹಾಕುವ ನೆಪ ಇದಾಗಬಾರದು. ಐದಾರು ವರ್ಷ ಈ ಕೆಲಸ ಮಾಡಿದವರಿಗೆ ತರಗತಿಯ ಕಟ್ಟಳೆ ಬೇಡ, ನೇರವಾಗಿ ಪರೀಕ್ಷೆಗೆ ಕೂರಲಿ; ಎಡವಿದ ಭಾಗವನ್ನಷ್ಟೇ ಕಲಿಯಲಿ. ಪ್ರಮಾಣಪತ್ರವೂ ಸಂಸ್ಥೆಯ ಹೆಸರಿಗಲ್ಲ, ವ್ಯಕ್ತಿಯ ಹೆಸರಿಗೇ ಇರಬೇಕು. ಗುತ್ತಿಗೆ ಮುಗಿದು ಬೇರೆ ಜಿಲ್ಲೆಗೆ ಹೋದರೂ ಅಲ್ಲಿ ಅದು ನಡೆಯಬೇಕು.

— ಮಕ್ಕಳ ರಕ್ಷಣಾ ಕ್ಷೇತ್ರದ ಕೆಲವು ಕಾರ್ಯಕರ್ತರು, ಬೆಂಗಳೂರು