ಪರದೆ ನಾನೇ ಹೊಲಿದುಕೊಡುತ್ತೇನೆ

ಮಾನ್ಯರೇ,

22 ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಕಳೆದ ವರ್ಷ ದಸರೆಗೆ ಮುಂಚೆ ಹಳೆಯ ಗಿರಾಕಿಯೊಬ್ಬರು, ‘ಎಡಗಡೆ ಮಾತ್ರ ಸ್ವಲ್ಪ ಸಡಿಲ ಮಾಡಮ್ಮ’ ಎಂದರು. ಟೇಪು ಹಿಡಿದ ಕೈಗೆ ಕಂಕುಳ ಹತ್ತಿರ ಅಡಿಕೆಯಷ್ಟು ಗಟ್ಟಿ ಗಂಟು ತಾಕಿತು. ‘ನೋವೇ ಇಲ್ಲವಲ್ಲ, ಬಿಡು’ ಎಂದರು. ಅದೇ ಮೋಸ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ಗದರಿಸಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆ. ಈಗ ಚಿಕಿತ್ಸೆ ಮುಗಿದಿದೆ, ಉದುರಿದ ಕೂದಲು ಗುಂಗುರಾಗಿ ಮತ್ತೆ ಬಂದಿದೆ!

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಸುಮಾರು 1.5 ಲಕ್ಷ ಮಹಿಳೆಯರಲ್ಲಿ ಅಧ್ಯಯನ ನಡೆಸಿದರು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಶೇ 30ರಷ್ಟು ಇಳಿಯಿತಂತೆ. ಯಂತ್ರವೂ ಬೇಕಾಗಲಿಲ್ಲ.

ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಈ ತಪಾಸಣೆ ಉಂಟು. ನಮ್ಮ ಕಡೆಯ ಶಿಬಿರದಲ್ಲಿ ಮಾತ್ರ ಬಿಪಿ, ಸಕ್ಕರೆ ನೋಡಿ ಸಾಗಹಾಕಿದರು. ಕೇಳಿದ್ದಕ್ಕೆ, ‘ಮರೆಗೆ ಪರದೆ ಇಲ್ಲಮ್ಮ’ ಎಂಬ ಉತ್ತರ. ನನ್ನ ಎಂಟಡಿ ಅಂಗಡಿಯಲ್ಲೂ ಪರದೆ ಇದೆ ಸ್ವಾಮಿ. ಬಟ್ಟೆ ಕೊಡಿಸಲಿ, ಮಜೂರಿ ಬೇಡ.

– ಒಬ್ಬ ಹೊಲಿಗೆಯವಳು, ತಿಪಟೂರು