ಕ್ರಿಸ್‌ಮಸ್ ಮನವಿ ಪತ್ರದಲ್ಲಿ ಇರದ ಬೇಡಿಕೆ: ಸಮಾಜ ಕಲ್ಯಾಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಮಾಜ ಕಲ್ಯಾಣ ಸಚಿವರಿಗೆ, ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಕ್ರೈಸ್ತ ಸಮುದಾಯದ ಮುಖಂಡರು ಮಂತ್ರಿಗಳ ಮನೆ ಬಾಗಿಲಿಗೆ ಬರುತ್ತಾರೆ. ಪ್ಲಮ್ ಕೇಕ್, ಶಾಲು, ಹಣ್ಣಿನ ಬುಟ್ಟಿ, ಒಂದು ಗ್ರೂಪ್ ಫೋಟೊ. ಜೊತೆಗೆ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿದ ಮನವಿ ಪತ್ರ. ಅದರಲ್ಲಿ ಏನಿರುತ್ತದೆ ಅನ್ನೋದು ನಿಮಗೆ ಬಾಯಿಪಾಠ ಆಗಿರಬಹುದು. ಸ್ಮಶಾನಕ್ಕೆ ಜಾಗ, ಸಮುದಾಯ ಭವನಕ್ಕೆ ಅನುದಾನ, ಚರ್ಚ್ ದುರಸ್ತಿಗೆ ಹಣ, ನಿಗಮದಲ್ಲಿ ಒಂದು ಸ್ಥಾನ. ಇವೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಸತ್ತವರನ್ನು ಹೂಳಲು ಜಾಗವಿಲ್ಲದೆ ಒದ್ದಾಡುವ ಕ್ರೈಸ್ತ ಸಭೆಗಳು ನಿಜಕ್ಕೂ ಇವೆ. ಆದರೆ ಆ ಪಟ್ಟಿಯಲ್ಲಿ ನಮ್ಮದಲ್ಲದ ಬೇಡಿಕೆ ಒಂದಾದರೂ ಇದ್ದದ್ದನ್ನು ನಾನು ನೋಡಿಲ್ಲ. ಯೇಸುವಿನ ಹೆಸರು ಹೇಳಿಕೊಂಡು ಸರ್ಕಾರದ ಮುಂದೆ ನಿಲ್ಲುವವರು ಬರೀ ತಮಗೆ ಬೇಕಾದದ್ದನ್ನು ಕೇಳಿ ವಾಪಸ್ ಬರೋದು ನನಗೆ ಸರಿ ಕಾಣುವುದಿಲ್ಲ.

ಅದಕ್ಕೇ ಈ ಪತ್ರ. ಮ್ಯಾನ್‌ಹೋಲ್, ಶೌಚಗುಂಡಿ, ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ತೊಟ್ಟಿಗಳಿಗೆ ಇಳಿಯುವವರ ಪರವಾಗಿ ಬರೆಯುತ್ತಿದ್ದೇನೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ, ಆದರೆ ಅದಕ್ಕಾಗಿ ಅಲ್ಲ. ಕ್ರೈಸ್ತರು ಬಡವರ ಸುದ್ದಿ ಎತ್ತಿದ ಕೂಡಲೇ ಮತಾಂತರದ ಮಾತು ಎದ್ದೇಳುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ, ಓದಿ ನೋಡಿ.

ಕಾನೂನು ಬೇಕಾದಷ್ಟಿದೆ. ಕರ್ನಾಟಕವಂತೂ ಈ ವಿಷಯದಲ್ಲಿ ಮೊದಲೇ ಎದ್ದ ರಾಜ್ಯ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ. ಆಮೇಲೆ 2013ರ ಕಾಯ್ದೆ ಬಂತು. ಸಾಧನವಿಲ್ಲದೆ, ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಶೌಚಗುಂಡಿಗೆ ಇಳಿಸಬಾರದು ಅಂತ ಅದರ 7ನೇ ಸೆಕ್ಷನ್ ಹೇಳುತ್ತದೆ. ಇಳಿಸಿದವರಿಗೆ ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಜಾಮೀನು ರಹಿತ ಅಪರಾಧ. 1993ರಿಂದ ಹೀಗೆ ಸತ್ತ ಪ್ರತಿಯೊಬ್ಬರ ಮನೆಯವರಿಗೂ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಕಾಗದದ ಮೇಲೆ ಇನ್ನೇನು ಬೇಕು ಹೇಳಿ?

ಆದರೂ ಸಾಯುತ್ತಲೇ ಇದ್ದಾರೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಮ್ಯಾನ್‌ಹೋಲ್‌ನಲ್ಲಿ ಮೂವರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಪಕ್ಕದ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟ್ ಎಸ್‌ಟಿಪಿಯಲ್ಲಿ ಮೂವರು. 2021ರಲ್ಲಿ ರಾಮನಗರದಲ್ಲಿ ಮತ್ತೆ ಮೂವರು. ಪ್ರತಿ ಸಲವೂ ಮೂವರು ಯಾಕೆ ಅಂತ ಯೋಚಿಸಿದ್ದೀರಾ?

ಅದಕ್ಕೆ ಕಾರಣ ಇದೆ. ಕೊಳೆತ ಹೂಳನ್ನು ಕೆದಕಿದಾಗ ಹೈಡ್ರೋಜನ್ ಸಲ್ಫೈಡ್ ಅನ್ನೋ ಗಾಳಿ ಮೇಲೇಳುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ತಿಳಿಯುವುದಿಲ್ಲ. ಒಳಗಿರುವವನು ಗಾಳಿ ಸರಿಹೋಯಿತು ಅಂದುಕೊಂಡು ಇನ್ನೊಂದು ಹೆಜ್ಜೆ ಕೆಳಗೆ ಇಡುತ್ತಾನೆ. ಕೆಲವೇ ಉಸಿರು, ಅಷ್ಟೇ. ಮೇಲೆ ನಿಂತವನು ಕೂಗುತ್ತಾನೆ, ಉತ್ತರ ಬರುವುದಿಲ್ಲ. ಅವನು ಇಳಿಯುತ್ತಾನೆ. ಅವನನ್ನು ಎತ್ತಲು ಮೂರನೆಯವನು. ಅಂದರೆ ಹೀಗೆ ಸತ್ತವರಲ್ಲಿ ಹಲವರು ಕೂಲಿಗಾಗಿ ಸತ್ತವರಲ್ಲ, ಜೊತೆಗಾರನನ್ನು ಬಿಟ್ಟು ಬರಲಾರದೆ ಸತ್ತವರು. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಎಂಬ ಯೇಸುವಿನ ಮಾತನ್ನು ನಾವು ಸಮಾಧಿ ಕಲ್ಲುಗಳ ಮೇಲೆ ಕೆತ್ತಿಸುತ್ತೇವೆ. ಅದನ್ನು ಅಕ್ಷರಶಃ ಮಾಡಿದವರ ಹೆಸರು ಪೇಪರಿನ ಒಳಪುಟದಲ್ಲಿ ಒಂದು ದಿನ ಬಂದು ಹೋಗುತ್ತದೆ.

ನಾನಿರುವುದೂ ಅಪಾರ್ಟ್‌ಮೆಂಟಿನಲ್ಲೇ. ಎಸ್‌ಟಿಪಿ ವಾಸನೆ ಬಂದರೆ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗಲಾಟೆ ಶುರು. ಒಮ್ಮೆ ಸಂಘದ ಮೀಟಿಂಗ್‌ನಲ್ಲಿ ಹೂಳೆತ್ತುವ ಯಂತ್ರಕ್ಕೆ ಎಷ್ಟಾಗುತ್ತದೆ ಅನ್ನೋ ಲೆಕ್ಕ ಬಂತು. ಒಬ್ಬರು, ಒಳ್ಳೆಯವರೇ, 'ಸುಮ್ನೆ ಯಾಕೆ ಅಷ್ಟು ಖರ್ಚು, ಇಬ್ಬರನ್ನ ಇಳಿಸಿದ್ರೆ ಮಧ್ಯಾಹ್ನಕ್ಕೆ ಮುಗಿಯುತ್ತೆ' ಅಂದರು. ಯಾರೂ ಬೆಚ್ಚಿಬೀಳಲಿಲ್ಲ. ಟೀ ಬಂತು, ಮುಂದಿನ ವಿಷಯಕ್ಕೆ ಹೋದೆವು. ಆಮೇಲೆ ಕೆಲವರು ಕೂತು ಹಟ ಹಿಡಿದದ್ದಕ್ಕೆ ಯಂತ್ರವೇ ಬಂತು. ಲಾರಿಯ ಜೊತೆ ಬಂದಿದ್ದ ಹುಡುಗನನ್ನು ಗಾಳಿ ಹೇಗೆ ಪರೀಕ್ಷೆ ಮಾಡ್ತೀರಿ ಅಂತ ಕೇಳಿದೆ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಡ್ತೀವಿ ಸಾರ್, ಜಿರಳೆ ಓಡಾಡ್ತಿದ್ರೆ ಇಳೀಬಹುದು ಅಂತ ಲೆಕ್ಕ, ಅಂದ. ಯಂತ್ರದ ಪೈಪ್ ಮೂಲೆಗೆ ಹೋಗದಿದ್ದರೆ ಇಳಿಯಲೇಬೇಕಾಗುತ್ತದಂತೆ. ಕ್ವಾರ್ಟರ್ ಹಾಕದೆ ಇಳಿಯುವವರು ಯಾರೂ ಇಲ್ಲ ಅಂತಲೂ ಹೇಳಿದ. ಗಾಳಿ ಅಳೆಯುವ ಮೀಟರ್ ಅವನು ನೋಡಿರಲೇ ಇಲ್ಲ.

ಇದಕ್ಕೂ ನಿಮ್ಮ ಧರ್ಮಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಗುಡ್ ಫ್ರೈಡೇ ಹಿಂದಿನ ಗುರುವಾರ ನಮ್ಮ ಅನೇಕ ಚರ್ಚ್‌ಗಳಲ್ಲಿ ಕಾಲು ತೊಳೆಯುವ ಆಚರಣೆ ಇದೆ. ಗುರುಗಳು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಹನ್ನೆರಡು ಜನರ ಪಾದಕ್ಕೆ ನೀರು ಹಾಕುತ್ತಾರೆ. ಆ ಹನ್ನೆರಡು ಜನ ಮನೆಯಲ್ಲೇ ಸೋಪು ಹಾಕಿ ತೊಳೆದುಕೊಂಡು, ಒಗೆದ ಸಾಕ್ಸ್ ಹಾಕಿಕೊಂಡು ಬಂದಿರುತ್ತಾರೆ, ಅದು ಬೇರೆ ಮಾತು! ಯೋಹಾನನ ಸುವಾರ್ತೆಯಲ್ಲಿರುವ ಮೂಲ ಕಥೆ ಇಷ್ಟು ಚೊಕ್ಕವಲ್ಲ. ಧೂಳಿನ ದಾರಿಯಲ್ಲಿ ನಡೆದು ಬಂದ ಶಿಷ್ಯರ ಕಾಲು. ಅದನ್ನು ತೊಳೆಯುವುದು ಆ ಕಾಲದಲ್ಲಿ ಆಳಿನ ಕೆಲಸ. ಗುರು ಯೇಸುವೇ ಎದ್ದು ಆ ಕೆಲಸಕ್ಕೆ ಕೂತಾಗ ಶಿಷ್ಯ ಪೇತ್ರನಿಗೆ ಸಹಿಸಲಾಗಲಿಲ್ಲ, ನನ್ನ ಕಾಲು ಮುಟ್ಟಬೇಡ ಅಂದ. ಪೇತ್ರನ ಗಾಬರಿ ನನಗೆ ಅರ್ಥವಾಗುತ್ತದೆ. ಕೊಳೆ ತೆಗೆಯುವುದಕ್ಕೆ ಬೇರೆ ಜನ ಇದ್ದಾರೆ ಅನ್ನುವ ನಂಬಿಕೆಯೇ ಅಲ್ಲಿ ಅಲ್ಲಾಡಿತ್ತು. ಯೇಸು ಆಳನ್ನು ಕರೆದು ನಿನ್ನ ಸೇವೆ ದೊಡ್ಡದು ಅಂತ ಹೊಗಳಲಿಲ್ಲ, ಹಾರ ಹಾಕಲಿಲ್ಲ. ತಾನೇ ತೊಳೆದರು. ಇದು ಆಳಿನ ಕೆಲಸ ಅನ್ನಲು ಆಮೇಲೆ ಆ ಕೋಣೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಹಾಗಾಗಿ ಪೌರಕಾರ್ಮಿಕರ ದಿನದಂದು ಶಾಲು ಹೊದಿಸಿ ಕಾಲು ತೊಳೆದು ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದರೆ ನನಗೆ ಮುಜುಗರ. ನಮ್ಮ ಕಥೆಯನ್ನು ತಿರುವು ಮುರುವು ಮಾಡಿದಂತೆ ಕಾಣುತ್ತದೆ. ಮಲ ತೆಗೆಯುವ ಕೆಲಸವನ್ನು ಪುಣ್ಯ ಅಂತ ಹಾಡಿ ಹೊಗಳುವುದನ್ನು ಅಂಬೇಡ್ಕರ್ ಒಪ್ಪಲಿಲ್ಲ. ಈ ವಿಷಯದಲ್ಲಿ ನಾನು ಯೋಹಾನನ 13ನೇ ಅಧ್ಯಾಯವನ್ನೂ ಅಂಬೇಡ್ಕರರನ್ನೂ ಒಟ್ಟಿಗೇ ಓದುತ್ತೇನೆ.

ಹಾಗೆ ಓದುವುದನ್ನು ನಾನು ಕಲಿತದ್ದು ಕೋಲಾರದ ಚಿನ್ನದ ಗಣಿಯ ಕಥೆಯಿಂದ. ಶಿವನಸಮುದ್ರದಿಂದ ತಂತಿ ಎಳೆದು 1902ರಲ್ಲೇ ವಿದ್ಯುತ್ ಕೊಟ್ಟ ಊರು ಅದು. ಚಿನ್ನಕ್ಕಾಗಿ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಕೊರೆದ ಊರು. ಅಲ್ಲಿನ ಕಾರ್ಮಿಕರ ಸಾಲುಮನೆಗಳ ಲೈನ್‌ಗಳಲ್ಲಿ ಮಾತ್ರ 1990ರ ದಶಕದವರೆಗೂ ಒಣ ಪಾಯಿಖಾನೆ! ಅದನ್ನು ಬಳಿದು ಬಕೆಟ್‌ನಲ್ಲಿ ಹೊರುತ್ತಿದ್ದವರದ್ದು ಗೊತ್ತಿದ್ದ ಜಾತಿ. ಅವರಲ್ಲಿ ಎಷ್ಟೋ ಮನೆಯವರು ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಂಥ ಮನೆಯಲ್ಲಿ, 1966ರಲ್ಲಿ. ಅಪ್ಪ, ಅಣ್ಣ ಮಾಡುತ್ತಿದ್ದ ಕೆಲಸ ಏನು ಅನ್ನೋದು ತಿಳಿದ ಮೇಲೆ ಅವರು ಸುಮ್ಮನಿರಲಿಲ್ಲ. ಗಣಿ ಆಡಳಿತಕ್ಕೆ ಪತ್ರ ಬರೆದರು, ಒಣ ಪಾಯಿಖಾನೆಗಳ ಫೋಟೊ ತೆಗೆದರು, ಅವು ಮುಚ್ಚುವವರೆಗೆ ಬಿಡಲಿಲ್ಲ. ಆಮೇಲೆ ಐಎಎಸ್ ಅಧಿಕಾರಿಯಾಗಿದ್ದ ಎಸ್.ಆರ್. ಶಂಕರನ್ ಅವರಂಥವರ ಜೊತೆ ಸೇರಿ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2014ರ ತೀರ್ಪು ಬಂದದ್ದು ಅವರ ಅರ್ಜಿಯ ಮೇಲೆ. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದನ್ನು ಚರ್ಚಿನ ಸಾಧನೆ ಅಂತ ಹೇಳಿಕೊಳ್ಳುವ ಯೋಗ್ಯತೆ ನಮಗಿಲ್ಲ. ಅವರದ್ದು ಅಂಬೇಡ್ಕರ್ ತೋರಿದ ದಾರಿ. ಆ ಊರಿನ ಚರ್ಚ್ ಗಂಟೆಗಳು ನೂರು ವರ್ಷ ಹೊಡೆದರೂ ಬಕೆಟ್ ಇಳಿಯಲಿಲ್ಲ. ಅದನ್ನು ಇಳಿಸಲು ಅದೇ ಲೈನಿನ ಒಬ್ಬ ಹುಡುಗ ಬೇಕಾಯಿತು.

ಪ್ರವಾದಿ ಆಮೋಸ ಕುರಿ ಕಾಯುತ್ತಿದ್ದವನು. ನಿಮ್ಮ ಹಬ್ಬಗಳು ನನಗೆ ಬೇಡ, ನಿಮ್ಮ ಹಾಡಿನ ಗದ್ದಲ ನಿಲ್ಲಿಸಿ, ನ್ಯಾಯ ಹೊಳೆಯಂತೆ ಹರಿಯಲಿ ಎಂದು ದೇವರು ಹೇಳಿದ್ದಾಗಿ ಸಾರಿದ. ಇದನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ನಾವು. ಆದ್ದರಿಂದ ನನ್ನ ಮೊದಲ ಬೇಡಿಕೆ ನಿಮಗೆ ವಿಚಿತ್ರ ಅನ್ನಿಸಬಹುದು. ತಪಾಸಣೆಯನ್ನು ನಮ್ಮಿಂದಲೇ ಶುರು ಮಾಡಿ. ರಾಜ್ಯದಲ್ಲಿ ಕ್ರೈಸ್ತ ಸಂಸ್ಥೆಗಳ ಶಾಲೆ, ಕಾಲೇಜು, ಹಾಸ್ಟೆಲ್, ಆಸ್ಪತ್ರೆ ಎಷ್ಟಿವೆ ಅನ್ನೋದು ನಿಮಗೆ ಗೊತ್ತು. ಎಲ್ಲ ಕಡೆ ಶೌಚಗುಂಡಿ ಇದೆ. ಅದನ್ನು ಯಾರು ಖಾಲಿ ಮಾಡುತ್ತಾರೆ, ಗುತ್ತಿಗೆ ಯಾರದ್ದು, ಕೊನೆಯ ಸಲ ಯಂತ್ರದ ಬಿಲ್ ಕಟ್ಟಿದ್ದು ಯಾವಾಗ, ಇಷ್ಟನ್ನು ಬರೆದುಕೊಡಿ ಅಂತ ನೋಟಿಸ್ ಕೊಡಿ. ಅಲ್ಪಸಂಖ್ಯಾತರ ಸಂಸ್ಥೆ ಅಂತ ಮುಲಾಜು ಬೇಡ. ನಮ್ಮವರು ಬಂದು ನಿಮ್ಮ ಹತ್ತಿರ ದೂರು ಹೇಳಿದರೆ ಈ ಪತ್ರ ತೋರಿಸಿ.

ಆಮೇಲೆ ಅಪಾರ್ಟ್‌ಮೆಂಟ್‌ಗಳು. ಮಾಲಿನ್ಯ ನಿಯಂತ್ರಣ ಮಂಡಳಿ ನಿಮ್ಮ ಖಾತೆಯಲ್ಲ, ಜಲಮಂಡಳಿಯೂ ಅಲ್ಲ, ಅದು ಗೊತ್ತು. ಆದರೆ ಸಂಪುಟದಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತೀರಿ ಅಲ್ವಾ? ದೊಡ್ಡ ವಸತಿ ಸಮುಚ್ಚಯಗಳು ಎಸ್‌ಟಿಪಿ ನಡೆಸಲು ಮಂಡಳಿಯ ಸಮ್ಮತಿ ಪಡೆಯಬೇಕು, ಅದನ್ನು ನವೀಕರಿಸುತ್ತಿರಬೇಕು. ನೀರಿನ ಗುಣಮಟ್ಟದ ವರದಿ ಕೇಳುವ ಅದೇ ಅರ್ಜಿಯಲ್ಲಿ ಹೂಳು ತೆಗೆದ ಯಂತ್ರದ ಬಿಲ್ಲನ್ನೂ ಕಡ್ಡಾಯ ಮಾಡಿ. ಒಂದು ಕಾಲಂ ಸೇರಿಸುವ ಕೆಲಸ. ನಮ್ಮ ಸಂಘದಲ್ಲಿ ಇಬ್ಬರನ್ನು ಇಳಿಸಿ ಅಂದವರು ಕರುಣೆಯ ಮಾತಿಗೆ ಬಗ್ಗಲಿಲ್ಲ. ಸೆಕ್ರೆಟರಿ ಮೇಲೆ ಜಾಮೀನು ಸಿಗದ ಕೇಸಾಗುತ್ತದೆ ಅಂತ ಗೊತ್ತಾದ ಮೇಲೆ ಬಗ್ಗಿದರು. ಮನುಷ್ಯರ ಸ್ವಭಾವದ ಬಗ್ಗೆ ನಮ್ಮ ಧರ್ಮಕ್ಕೂ ದೊಡ್ಡ ಭ್ರಮೆಗಳಿಲ್ಲ.

ಸಾವು ಆದಾಗ ಪೊಲೀಸರು ಬರೆದುಕೊಳ್ಳುವ ದೂರಿನಲ್ಲಿ 2013ರ ಕಾಯ್ದೆಯ ಸೆಕ್ಷನ್‌ಗಳು ತಪ್ಪದೆ ಇರಲಿ. ಸಿಕ್ಕಿಬೀಳುವವನು ಬರೀ ಮೇಸ್ತ್ರಿ ಆಗಬಾರದು. ಕೆಲಸ ಕೊಟ್ಟ ಸಂಘ, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್, ಎಲ್ಲರ ಹೆಸರೂ ಬರಲಿ. 30 ಲಕ್ಷದ ಪರಿಹಾರಕ್ಕಾಗಿ ವಿಧವೆಯೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯುವುದು ಬೇಡ. ಜಿಲ್ಲಾಧಿಕಾರಿಯೇ ಅವಳ ಮನೆಗೆ ಹೋಗಿ ಕೊಡಲಿ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಮಲ ಹೊರುತ್ತಿದ್ದ ಭಂಗಿ ಸಮುದಾಯದ ಕುಟುಂಬದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡ ಮೇಲಷ್ಟೇ ಅಧಿಕಾರಿಗಳಿಗೆ ಅವರ ಮನೆ ದಾರಿ ಕಾಣಿಸಿತು. ಅಂಥ ಸ್ಥಿತಿಗೆ ಮತ್ತೆ ಯಾರನ್ನೂ ತಳ್ಳಬೇಡಿ.

ಇನ್ನೊಂದು ತೊಡಕಿದೆ. 2013ರ ಕಾಯ್ದೆ ನಿನ್ನ ಧರ್ಮ ಯಾವುದು ಅಂತ ಕೇಳುವುದಿಲ್ಲ, ನಿನ್ನ ಕೆಲಸ ಯಾವುದು ಅಂತ ಕೇಳುತ್ತದೆ. ಅದು ಸರಿ. ಆದರೆ ದಲಿತರನ್ನು ಮಲ ತೆಗೆಯಲು ಹಚ್ಚುವುದನ್ನು ಅಪರಾಧ ಮಾಡಿರುವ ದೌರ್ಜನ್ಯ ತಡೆ ಕಾಯ್ದೆ, ಕ್ರೈಸ್ತನಾದ ದಲಿತನಿಗೆ ಅನ್ವಯಿಸುವುದಿಲ್ಲ. ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಾತ್ರ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳಷ್ಟೇ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಗುಂಡಿಯ ವಿಷಗಾಳಿ ಇದನ್ನೆಲ್ಲ ಓದಿಲ್ಲ. ಇದು ದೆಹಲಿಯಲ್ಲಿ ಆಗಬೇಕಾದ ಬದಲಾವಣೆ ಅಂತ ಬಲ್ಲೆ, ಈ ಪತ್ರದಲ್ಲಿ ಅದನ್ನು ಎಳೆಯುವುದಿಲ್ಲ.

ಕೊನೆಯದಾಗಿ, 2013ರ ಕಾಯ್ದೆ ಜಾರಿಯಾಗುತ್ತಿದೆಯೇ ಅಂತ ನೋಡಬೇಕಾದ ಜಾಗೃತಿ ಸಮಿತಿಗಳು. ಪ್ರತಿ ಜಿಲ್ಲೆಗೂ ಪ್ರತಿ ಉಪವಿಭಾಗಕ್ಕೂ ಒಂದೊಂದು ಇರಬೇಕು, ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು ಅಂತ ಕಾಯ್ದೆಯಲ್ಲೇ ಇದೆ. ಜಿಲ್ಲಾ ಸಮಿತಿಯಲ್ಲಿ ಈ ಕೆಲಸದ ವಿರುದ್ಧ ಹೋರಾಡುವವರಿಗೆ, ಆ ಸಮುದಾಯದವರಿಗೆ ನಾಲ್ಕರವರೆಗೆ ಸ್ಥಾನ ಇದೆ, ಅದರಲ್ಲಿ ಇಬ್ಬರು ಹೆಂಗಸರು. ಆ ಜಾಗಗಳಿಗೆ ನಮ್ಮ ಪಾದ್ರಿಗಳನ್ನೋ ಮುಖಂಡರನ್ನೋ ನೇಮಿಸಬೇಡಿ. ಗುಂಡಿಗೆ ಇಳಿದು ಬದುಕಿ ಬಂದವರನ್ನು, ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಕೂರಿಸಿ. ಕೂಲಿ ಬಿಟ್ಟು ಬರುವ ದಿನದ ಸಂಬಳ ಕೊಡಿ. ಸಭೆಯ ನಡವಳಿಯನ್ನು ಜಿಲ್ಲೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲಿ ಹಾಕಿಸಿ. ಬೆಂಗಳೂರು ನಗರ ಜಿಲ್ಲೆಯ ಸಮಿತಿ ಕಳೆದ ಒಂದು ವರ್ಷದಲ್ಲಿ ಯಾವ ಯಾವ ದಿನ ಸೇರಿತು, ಮುಂದಿನ ಸಭೆ ಯಾವತ್ತು, ಇವೆರಡಕ್ಕೆ ನಿಮ್ಮ ಕಚೇರಿಯಿಂದ ಲಿಖಿತ ಉತ್ತರ ಬೇಕು. ಅದು ಬಂದ ಭಾನುವಾರವೇ ಆರಾಧನೆ ಮುಗಿದ ಮೇಲೆ ಪ್ರಕಟಣೆಗಳ ಜೊತೆ ಓದುತ್ತೇವೆ. ಬಾರದಿದ್ದರೆ, ಬರಲಿಲ್ಲ ಅಂತ ಓದುತ್ತೇವೆ.

ಇಂತಿ,
ಬೆಂಗಳೂರಿನ ಒಂದು ಕನ್ನಡ ಕ್ರೈಸ್ತ ಸಭೆಯ ಸದಸ್ಯ